ಭತ್ತದ ವಾಡೆಯಲ್ಲಿ ಬೂಟು

ಬೆಳಗೋಡು
೧೪-೯-೧೯೯೮, ಸೋಮವಾರ

ಮುದ್ದು ಧನೂ,

ಹಾಸ್ಟೆಲಿನ ಊಟ ಸೇರುತ್ತಿಲ್ಲ ಅಂತ ಬರೆದಿದ್ದೀಯ. ಸೇರದಿದ್ದರೂ ತಿನ್ನು, ಚಟ್ನಿಪುಡಿ ಕಳಿಸುತ್ತೇನೆ. ಎಸ್ಟೇಟಿನ ವಿಳಾಸಕ್ಕೆ ಬಂದಿದ್ದ, ಇಂಗ್ಲೆಂಡಿನ ಆ ಮುದುಕಿ ಎಡ್ನಾಳ ಕಾಗದವನ್ನು ನೀನು ಕನ್ನಡಕ್ಕೆ ಇಳಿಸಿ ಕಳಿಸಿದ್ದು ಶುಕ್ರವಾರ ಕೈ ಸೇರಿತು. ಓದುವಾಗ, ಬರೆಯುವಾಗ ನಾನು ಬಾಯಲ್ಲಿ ಒದರಿಕೊಳ್ಳುತ್ತೇನೆಂದು ನೀನು ಆಡಿಕೊಳ್ಳುತ್ತೀಯಲ್ಲ, ಅದಕ್ಕೇ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಓದಿದೆ. ಅಜ್ಜಿಗೆ ಒಂದಕ್ಷರವೂ ತಿಳಿಯಬಾರದು.

ಉತ್ತರವನ್ನು ಇಂಗ್ಲಿಷಿನಲ್ಲಿ ನೀನೇ ಬರೆಯಬೇಕು. ಹಾಗಾಗಿ ಮೊದಲಿಂದ ಹೇಳುತ್ತೇನೆ, ಕೇಳು.

ನಲವತ್ತನಾಲ್ಕನೇ ಇಸವಿ. ನಿನ್ನ ತಾತ ರಂಗಸ್ವಾಮಿ ಇಲ್ಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಜ್ಜಿಗೆ ಇಪ್ಪತ್ತು ವರ್ಷ, ನಾನು ಒಂದು ವರ್ಷದ ಕೂಸು. ಮಲೇರಿಯಾದಿಂದ ಎದ್ದ ಒಬ್ಬ ಇಂಗ್ಲಿಷ್ ಸಿಪಾಯಿಯನ್ನು ಸುಧಾರಿಸಿಕೊಳ್ಳಲೆಂದು ದೊರೆಯ ಬಂಗಲೆಗೆ ಕಳಿಸಿದ್ದರು. ಹೆಸರು ವಾಲ್ಟರ್. ನಮ್ಮವರಿಗೆ ವಾಲ್ಟಪ್ಪ. ದೊರೆ ಮಗನೂ ಅಲ್ಲ, ಆಫೀಸರನೂ ಅಲ್ಲ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಅಪ್ಪನ ಜೊತೆ ಬೂಟಿನ ಕಾರ್ಖಾನೆಗೆ ಹೋದವನು, ಹದಿನೆಂಟಕ್ಕೆ ಪಟಾಲಂ ಸೇರಿದವನು. ಬಂಗಲೆಯ ಊಟ ಬಿಟ್ಟು ನಮ್ಮ ಅಡುಗೆಮನೆ ಬಾಗಿಲಲ್ಲಿ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದನಂತೆ. ತಾತನ ಕಿತ್ತುಹೋದ ಚಪ್ಪಲಿ ಹೊಲಿದುಕೊಟ್ಟ. ಆ ಹೊಲಿಗೆ ನಾನು ಮೂರನೇ ಕ್ಲಾಸಿಗೆ ಬರುವವರೆಗೂ ಬಿಚ್ಚಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೂ ಬಿಟ್ಟ ಕಾಫಿ ತೋಟವೆಲ್ಲ ಸುತ್ತಿದ್ದನಂತೆ. ನನಗೆ ಅವನ ಮುಖವೂ ನೆನಪಿಲ್ಲ, ಆದರೂ ಆ ಕಾಗದ ಓದಿ ಅತ್ತುಬಿಟ್ಟೆ.

ಅವನು ಹೊರಡುವ ದಿನ ಮಂಗಳವಾರ ಬಿದ್ದಿತ್ತು. ಮನೆ ಮಕ್ಕಳನ್ನು ಮಂಗಳವಾರ ದೂರ ಕಳಿಸಬಾರದು ಅನ್ನುವುದು ಅಜ್ಜಿಯ ಹಟ. ಈಗಲೂ ನಿನ್ನನ್ನು ಆ ದಿನ ಮೈಸೂರು ಬಸ್ಸು ಹತ್ತಲು ಬಿಡುವುದಿಲ್ಲವಲ್ಲ! ಒಂದು ತಿಂಗಳು ಕೈಯಾರೆ ಉಣಿಸಿದ ಮೇಲೆ ಅವನೂ ಮನೆ ಮಗನೇ ಆದ. ಅವನು ಒಳಗೆ ರೊಟ್ಟಿ ತಿನ್ನುವಾಗ ಅಜ್ಜಿ ಅವನ ಬೂಟುಗಳನ್ನು ಭತ್ತದ ವಾಡೆಯೊಳಗೆ ಹೂತು, ಮೇಲೆ ಮುಚ್ಚಳ ಹಾಕಿ, ಅದರ ಮೇಲೆ ನನ್ನನ್ನು ಕೂರಿಸಿದಳು. ಹಾಸನಕ್ಕೆ ದಿನಕ್ಕೊಂದೇ ಬಸ್ಸು, ಅದೂ ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುವಂಥದ್ದು. ಬಾಳ್ಳುಪೇಟೆಯಿಂದ ಅದು ಹೊರಟುಹೋಯಿತು. ಬೂಟು ಹುಡುಕಿ ಹುಡುಕಿ ವಾಲ್ಟಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ, ಜಗಲಿ ಮೇಲೆ ಬಿದ್ದುಕೊಂಡ, ಬುಧವಾರ ಹೊಟ್ಟೆ ತುಂಬ ಉಂಡು ಹೋದ. ಈ ಕಥೆಯನ್ನು ಅಜ್ಜಿ ಬಂದವರಿಗೆಲ್ಲ ಹೇಳಿ ನಗಿಸಿದ್ದಾಳೆ. ಕೊನೆಗೆ ಮಾತ್ರ, ಊರಿಗೆ ಹೋಗಿ ಮದುವೆಯಾಗಿ ನಮ್ಮನ್ನು ಮರೆತುಬಿಟ್ಟ ಕಳ್ಳ ಅಂತ ಒಂದು ಬೈಗುಳ.

ಅವನು ಯಾರನ್ನೂ ಮರೆತಿರಲಿಲ್ಲ. ಅವನ ತಂಗಿ ಎಡ್ನಾ ಬರೆದಿದ್ದಾಳಲ್ಲ, ಅವನು ತಲುಪುವಷ್ಟರಲ್ಲಿ ಪಟಾಲಮ್ಮಿನಲ್ಲಿ ಅವನಿದ್ದ ಕಂಪನಿ ರೈಲು ಹತ್ತಿ ಹೋಗಿತ್ತು. ತಡವಾಗಿ ಬಂದವರನ್ನು ಬೇರೆ ಕಂಪನಿಗೆ ಸೇರಿಸಿ ಬರ್ಮಾ ಗಡಿಗೆ ಕಳಿಸಿದರು. ಐದು ವಾರಕ್ಕೆ, ಗುಡ್ಡದ ಮೇಲಿದ್ದವರಿಗೆ ನೀರಿನ ಡಬ್ಬ ಹೊತ್ತುಕೊಂಡು ಹೋಗುವಾಗ ಗುಂಡು ತಗುಲಿ ಸತ್ತ. ಅವನ ಹಳೆಯ ಕಂಪನಿಯವರು ಬಹಳ ಜನ ಬದುಕಿ ಮನೆ ಸೇರಿದರಂತೆ. ಇವನಿಗೆ ಪದಕವಿಲ್ಲ, ಏನಿಲ್ಲ. ದಾಖಲೆಯಲ್ಲಿ ಉಳಿದದ್ದು ಒಂದೇ ಮಾತು, ಹೇಳದೆ ಕೇಳದೆ ಒಂದು ದಿನ ಗೈರುಹಾಜರು. ಮಗ ಹೆದರಿ ಎಲ್ಲೋ ಅಡಗಿದ್ದ ಎಂದೇ ಅವರಪ್ಪ ನಂಬಿದ. ಸಾಯುವವರೆಗೂ ಮನೆಯಲ್ಲಿ ಅವನ ಹೆಸರು ಎತ್ತಗೊಡಲಿಲ್ಲ. ಎಡ್ನಾಳಿಗೆ ಈಗ ಎಪ್ಪತ್ತೆರಡು. ಅಣ್ಣ ನಿಜವಾಗಿ ಹೆದರಿದ್ದನೇ, ಆ ಒಂದು ದಿನ ಎಲ್ಲಿದ್ದ, ಅಷ್ಟು ತಿಳಿದರೆ ಸಾಕು ಅನ್ನುತ್ತಾಳೆ.

ಎಲ್ಲಿದ್ದ ಅಂತ ನಮಗೆ ಗೊತ್ತು. ಆದರೆ ಇದ್ದದ್ದನ್ನು ಇದ್ದಹಾಗೆ ಬರೆದರೆ ಅವಳು ಮತ್ತೆ ಕಾಗದ ಹಾಕುತ್ತಾಳೆ, ಯಾರೋ ಓದಿ ಹೇಳುತ್ತಾರೆ, ಅಜ್ಜಿ ಎದೆ ಒಡೆದುಕೊಳ್ಳುತ್ತಾಳೆ. ನನ್ನಮ್ಮ ಕಣೆ ಅವಳು. ಇಷ್ಟು ವರ್ಷ ನಕ್ಕಿದ್ದಕ್ಕೆಲ್ಲ ಈ ವಯಸ್ಸಿನಲ್ಲಿ ಅಳುವುದು ಬೇಡ. ಅದಕ್ಕೆ ನೀನು ಹೀಗೆ ಬರೆ: ಆ ದಿನ ಬಸ್ಸು ಕೆಟ್ಟು ನಿಂತಿತ್ತು, ವಾಲ್ಟರ್ ದಿನವೆಲ್ಲ ಕಾದ, ಹೆದರಿಕೆಯ ಮಾತೇ ಇಲ್ಲ. ಇದ್ದಿಲಿನ ಬಸ್ಸು ಕೆಡುವುದೇನು ಹೊಸದಲ್ಲ. ತಪ್ಪು ಹೊರಿಸಿದರೆ ಬಸ್ಸಿಗೇನು ನೋವಾಗುತ್ತದೆಯೇ? ಎಡ್ನಾಳ ಮನಸ್ಸೂ ತಣ್ಣಗಾಗುತ್ತದೆ.

ಸುಳ್ಳು ಬರೆಸುತ್ತಿದ್ದಾಳೆ ಅಂತ ನನ್ನ ಮೇಲೆ ಮುನಿಸಿಕೊಳ್ಳಬೇಡ. ರಾತ್ರಿ ಬೇಗ ಮಲಗು.

ನಿನ್ನ ಅಮ್ಮ,
ರಾಜಲಕ್ಷ್ಮಮ್ಮ

ತಾ.ಕ.: ಬೆಳಿಗ್ಗೆ ಕವರಿಗೆ ಅಂಟು ಹಚ್ಚಲು ಕೂತಿದ್ದೆ. ಅಜ್ಜಿ ಬಂದು ಎದುರಿಗೆ ಕೂತಳು. “ಬಸ್ಸಿನ್ ಮೇಲ್ ಯಾಕವ್ವ ಆಕ್ತೀಯ? ಬಸ್ಸು ಸರಿಯಾದ್ ಟೈಮಿಗೇ ಬಂದಿತ್ತು” ಅಂದಳು. ನಿನ್ನೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ನನ್ನ ಒದರಾಟವನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಕಿವಿ ಮಂದ ಅಂತ ನಾವು ಅಂದುಕೊಂಡಿದ್ದೇ ಬಂತು.

ಅವನು ನಗಲೇ ಇಲ್ಲವಂತೆ, ಧನೂ. ಬೂಟು ಕೊಡಿ ಎಂದು ಕೈ ಮುಗಿದನಂತೆ. ಕೊಡದಿದ್ದಾಗ ಚೀಲ ಹೆಗಲಿಗೆ ಹಾಕಿ ಬರಿಗಾಲಲ್ಲೇ ಬಾಳ್ಳುಪೇಟೆ ದಾರಿ ಹಿಡಿದ. ಅಜ್ಜಿ ತಾತನನ್ನು ಓಡಿಸಿ ಒಂದು ಮೈಲಿಯಾಚೆಯಿಂದ ಹಿಡಿದು ತರಿಸಿದಳು. ಕಾಲೆಲ್ಲ ರಕ್ತವಾಗಿತ್ತು, ಅರಿಶಿನ ಹಚ್ಚಿದಳು. ನಕ್ಕ ಅನ್ನುವುದನ್ನು ಆಮೇಲೆ ತಾನೇ ಸೇರಿಸಿಕೊಂಡಳಂತೆ.

ಬಸ್ಸಿನ ಮಾತು ಹೊಡೆದುಹಾಕು. ಅವಳು ಹೇಳಿದ್ದನ್ನು ಹಾಗೇ ಬರೆ: “ನಿಮ್ಮಣ್ಣ ಹೆದುರ್ಕೊಂಡಿರ್ಲಿಲ್ಲ ಕಣವ್ವ. ಬರಿಗಾಲಲ್ಲೇ ಹೊಂಟಿದ್ದ. ತಡದೋಳು ನಾನು, ಬೆಟ್ಟಮ್ಮ.” ಕೆಳಗಿನ ಹೆಬ್ಬೆಟ್ಟಿನ ಗುರುತು ಅವಳದು. ಕತ್ತರಿಸಿ ಕಾಗದದ ಜೊತೆ ಇಡು.

ಇವತ್ತು ಮಂಗಳವಾರ, ನಾಳೆ ಪೋಸ್ಟಿಗೆ ಹಾಕುತ್ತೇನೆ ಅಂದೆ. ಈಗಲೇ ಹೋಗು ಅಂತ ನನ್ನ ಚಪ್ಪಲಿ ತಂದು ಬಾಗಿಲಲ್ಲಿ ಇಟ್ಟಿದ್ದಾಳೆ.