ಅಪ್ಪ ಅರ್ಧಕ್ಕೆ ಬಿಟ್ಟ ಪುಸ್ತಕ

ಅಮ್ಮನಿಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ನೋಡಿದಾಗ ಅಪ್ಪನ ಪುಸ್ತಕದೊಳಗಿನ ಬೆಂಕಿಕಡ್ಡಿ ಇನ್ನೂ ಕೆಲವು ಪುಟ ಮುಂದಕ್ಕೆ ಹೋಗಿತ್ತು.

ಅಪ್ಪ ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನೆಲ್ಲ ಬಸ್ ಸ್ಟಾಪಿನ ಪಕ್ಕದ ಸಾರ್ವಜನಿಕ ಪುಸ್ತಕದ ಕಪಾಟಿನಲ್ಲಿಟ್ಟು ನೀನು ಅಣ್ಣನ ಮನೆಗೆ ಹೋದೆಯಲ್ಲ, ಆಸ್ಪತ್ರೆಯಲ್ಲಿ ಅವರು ಅರ್ಧ ಓದಿದ್ದ ಕಾದಂಬರಿಯೂ ಆ ರಾಶಿಯಲ್ಲಿ ಸೇರಿಹೋಗಿತ್ತು. ಅದೊಂದನ್ನಾದರೂ ತಂದು ಕಳಿಸು ಎಂದು ಬರೆದಿದ್ದೀಯ. ಪುಸ್ತಕ ಅಲ್ಲೇ ಇದೆ. ಗುರುತಿಗೆ ಅಪ್ಪ ಇಟ್ಟ ಗೀರಿದ ಕಡ್ಡಿಯೂ ಇದೆ. ಆದರೆ ಅದು ದಿನವೂ ಸರಿಯುತ್ತಿದೆ.

ಒಂದು ಪುಸ್ತಕ ಇಟ್ಟು ಇನ್ನೊಂದನ್ನು ಒಯ್ಯಬೇಕೆಂಬುದು ಅಲ್ಲಿನ ನಿಯಮ. ಇಡಲು ಏನೂ ಇಲ್ಲದವರು ಅಲ್ಲೇ ಬೆಂಚಿನ ಮೇಲೆ ಕೂತು ಓದುತ್ತಾರೆ. ಇದನ್ನು ಓದುತ್ತಿರುವವರು ಯಾರೆಂದು ಎದುರಿನ ಕ್ಷೌರದಂಗಡಿಯವರನ್ನು ಕೇಳಿದೆ.

"ನಾನು ಬಾಗಿಲು ತೆಗೆಯೋ ಹೊತ್ತಿಗೆ ಬೆಂಚು ಬೆಚ್ಚಗಿರುತ್ತೆ, ಆದ್ರೆ ಒಂದು ನರಪಿಳ್ಳೆನೂ ಇರಲ್ಲ. ನಿಮ್ಮಪ್ಪನೇ ಇರ್ಬೇಕು ಬಿಡಮ್ಮ. ಕ್ಷೌರ ಅರ್ಧಕ್ಕೆ ಬಿಟ್ಟು ಎದ್ರೂ ಕತೆ ಅರ್ಧಕ್ಕೆ ಬಿಡೋ ಆಸಾಮಿ ಅಲ್ಲ!" ಎಂದು ನಕ್ಕರು.

ನಾನೂ ನಕ್ಕೆ. ಆಮೇಲೆ ಬೆಂಚು ಮುಟ್ಟಿ ನೋಡಿದೆ.

ಇನ್ನು ಕೆಲವೇ ಪುಟಗಳು ಉಳಿದಿವೆ, ಅಮ್ಮ. ಅವು ಮುಗಿದ ಮೇಲೆ ಕಳಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಪುಸ್ತಕ ಮುಗಿಯುವವರೆಗೆ ನಾನು ಬೆಳಿಗ್ಗೆ ಹಿಂದಿನ ರಸ್ತೆಯಿಂದ ಕೆಲಸಕ್ಕೆ ಹೋಗುತ್ತೇನೆ, ಸಂಜೆಯಷ್ಟೇ ಕಪಾಟು ನೋಡುತ್ತೇನೆ. ಓದುವಾಗ ಯಾರಾದರೂ ಎದುರು ಬಂದು ನಿಂತರೆ ಅಪ್ಪನಿಗೆ ಆಗುತ್ತಿರಲಿಲ್ಲ.

ನಿನ್ನ
ಕಿರಿಮಗಳು