ಅಚ್ಚಾದ ಮೊದಲ ಸಾಲು

ಇಸ್ಹಾಕ್,

ಇನ್ನು ಮುಂದೆ ಬೆಟ್ಟದ ಗಡಿಗೆ ಹೋಗುವ ಸೈನಿಕರಿಗೆಲ್ಲ ಹಿಮದ ಬೂಟು, ಉಣ್ಣೆ ಕೋಟು ಕೊಟ್ಟೇ ಕಳಿಸುತ್ತಾರೆ. ಚಳಿಗೆ ಒಗ್ಗಲು ಮೊದಲೇ ತರಬೇತಿಯೂ ಇರುತ್ತದೆ. ಸೈನ್ಯಕ್ಕೆ ಆಳು ಸೇರಿಸಿಕೊಳ್ಳಲು ಬಂದಿರುವ ಮೇಜರ್ ನಿನ್ನೆ ಶಿವಮೊಗ್ಗದಲ್ಲಿ ಹೇಳಿದರು. ಇವತ್ತಿನ ಪತ್ರಿಕೆಗೆ ಅದನ್ನು ಬರೆದವನು ನಾನೇ.

ಮಧ್ಯಾಹ್ನ ಭದ್ರಾವತಿಗೆ ಹೋಗಿ ನಿಮ್ಮಮ್ಮನಿಗೆ ಅದನ್ನು ಓದಿ ಹೇಳಿದೆ. ಅವರು ಟ್ರಂಕಿನಿಂದ ಹೋದ ವರ್ಷದ ಪತ್ರಿಕೆಯ ತುಣುಕು ತೆಗೆದರು.

"ಭದ್ರಾವತಿಯ ಯೋಧ ಗಡಿಯಲ್ಲಿ ಕ್ಷೇಮ ಅಂತ ನೀನೇ ಅಲ್ವಾ ಹಾಕಿದ್ದು? ಕ್ಷೇಮವಾಗಿದ್ದೋನು ಚಳಿಗೆ ಹೆಂಗೆ ಸತ್ತ, ಬೇಟಾ?"

"ಆಮೇಲೆ ಹಿಮ ಜಾಸ್ತಿ ಬಿತ್ತಂತೆ, ಅಮ್ಮಾ," ಎಂದೆ.

ನೀನು ಗಡಿಯಿಂದ ನನಗೆ ಬರೆದಿದ್ದ ಕಾಗದದಲ್ಲಿ ಕ್ಷೇಮ ಎಂಬುದು ಎಲ್ಲರೂ ಬರೆಯುವ ಮೊದಲ ಸಾಲು. ಅದರ ಕೆಳಗೆ, "ಕ್ಯಾನ್ವಾಸ್ ಬೂಟಲ್ಲಿ ಹಿಮದ ಮೇಲೆ ನಿಂತಿದ್ದೀವಿ, ಪೇಪರಲ್ಲಿ ಹಾಕು ಮಾರಾಯ" ಎಂದಿತ್ತು. ಯುದ್ಧದ ಹೊತ್ತು, ಜನ ಹೆದರುತ್ತಾರೆ ಎಂದುಕೊಂಡು ಮೊದಲ ಸಾಲನ್ನಷ್ಟೇ ಅಚ್ಚಿಗೆ ಕೊಟ್ಟೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ.

ಹೊರಡುವಾಗ ನಿಮ್ಮಮ್ಮ, "ಅವನು ನಿಂಗೆ ಬರೆದ ಆ ಕಾಗದ ತಗೊಂಡ್ ಬಾ. ಅವನ ಅಕ್ಷರ ಮುಟ್ಟಿ ನೋಡ್ತೀನಿ, ನೀನು ಓದಿ ಹೇಳು," ಎಂದರು.

ಭಾನುವಾರ ಬೆಳಿಗ್ಗೆಯ ರೈಲಿಗೆ ಕಾಗದ ತೆಗೆದುಕೊಂಡು ಭದ್ರಾವತಿಗೆ ಹೋಗುತ್ತೇನೆ.