ಎರಡು ಬೆರಳು

ಅಕ್ಟೋಬರ್ ೧೪, ಮಂಗಳವಾರ

ಆ ಎರಡು ಬೆರಳನ್ನು ಯಾಕಾದರೂ ಎತ್ತಿದೆನೋ! ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಭಾಷೆ ಬರದ ಈ ಪರದೇಶದಲ್ಲಿ ರಾತ್ರಿ ಒಬ್ಬಳೇ ಊಟಕ್ಕೆ ಹೋದಾಗ, ಎಷ್ಟು ಜನ ಎಂದು ವೇಟರ್ ಸನ್ನೆಯಲ್ಲೇ ಕೇಳಿದ. ಒಂಟಿ ಹೆಂಗಸು ಅಂದುಕೊಳ್ಳುತ್ತಾನೇನೋ ಎಂದು ಇಬ್ಬರು ಅಂತ ತೋರಿಸಿಬಿಟ್ಟೆ. ಎರಡು ತಟ್ಟೆ ಇಟ್ಟ. ಖಾಲಿ ಕುರ್ಚಿಯ ಎದುರು ಅರ್ಧ ಗಂಟೆ ಕೂತೆ. ಕೊನೆಗೆ, ನಮ್ಮವರಿಗೆ ಹುಷಾರಿಲ್ಲ, ರೂಮಿನಲ್ಲಿ ಮಲಗಿದ್ದಾರೆ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಆ ಮಹಾರಾಯರು ಅಲ್ಲಿ ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಕೂತು ಟೀವಿ ನೋಡುತ್ತಿರುತ್ತಾರೆ.

ಹೊರಡುವಾಗ ನಾದಿನಿ, "ಒಬ್ಬರೇ ಹೋಗೋವಂಥದ್ದು ಏನು ಬಂತು ಅತ್ತಿಗೆ?" ಅಂದಿದ್ದಳು.

"ನಗೋದೇ ಮರೆತುಹೋಗಿದೆ ಕಣೇ, ಹುಡುಕ್ಕೊಂಡು ಬರ್ತೀನಿ" ಎಂದು ಜಂಬ ಕೊಚ್ಚಿ ಬಂದವಳು ನಾನು. ಮೊದಲ ದಿನವೇ ಈ ಗತಿ.

ವೇಟರ್ ಪಾಪ, ಹೊರಡುವಾಗ ಬಿಸಿ ಸೂಪಿನ ಡಬ್ಬಿ ಕೈಗಿಟ್ಟ. ಕಾಯಿಲೆಯವರಿಗಂತೆ. ತಲೆ ಎತ್ತದೆ ತೆಗೆದುಕೊಂಡೆ.

ಆಮೇಲೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅದನ್ನು ಕೊನೆಯ ಹನಿಯವರೆಗೂ ನಾನೇ ಕುಡಿದೆ. ಎಷ್ಟು ರುಚಿಯಾಗಿತ್ತೆಂದರೆ, ಬರೆಯಲೂ ನಾಚಿಕೆ.

ನಾಳೆ ಅಲ್ಲಿಗೇ ಹೋಗಿ ಒಂದೇ ಬೆರಳು ಎತ್ತಬೇಕು. ಆದರೆ ಅವನು, ನಿಮ್ಮವರು ಹೇಗಿದ್ದಾರೆ ಎಂದು ಕೇಳಿದರೆ ಯಾವ ಮುಖ ಇಟ್ಟುಕೊಂಡು... ಅಯ್ಯೋ, ನಗು ತಡೆಯೋಕಾಗ್ತಿಲ್ಲ, ಬರೆಯೋಕೇ ಆಗ್ತಿಲ್ಲ!